ವಿಂಡಮ್‌ಗೆ ಬಂದವರು ಮೊದಲು ತಟ್ಟಬೇಕಾದ ಬಾಗಿಲು

ಮೆಲ್ಬೋರ್ನಿನ ಪಶ್ಚಿಮದಲ್ಲಿ ಮನೆ ಹುಡುಕುವ ಕನ್ನಡ ಕುಟುಂಬಗಳಿಗೆ ಟಾರ್ನೀಟ್, ಟ್ರುಗನಿನಾ, ಪಾಯಿಂಟ್ ಕುಕ್ ಎಂಬ ಹೆಸರುಗಳು ವಿಮಾನ ಹತ್ತುವ ಮೊದಲೇ ಬಾಯಿಗೆ ಬಂದಿರುತ್ತವೆ. ಇವೆಲ್ಲ ವಿಂಡಮ್ ಸಿಟಿ ಕೌನ್ಸಿಲ್ ವ್ಯಾಪ್ತಿಯ ಊರುಗಳೆಂಬುದು ಎಷ್ಟೋ ಜನಕ್ಕೆ ಗೊತ್ತಾಗುವುದು ಕಸದ ಡಬ್ಬಿಯ ಮೇಲಿನ ಹೆಸರು ಓದಿದಾಗ. 2021ರ ಜನಗಣತಿಯ ಹೊತ್ತಿಗೆ ಇಲ್ಲಿ ಸುಮಾರು 2.92 ಲಕ್ಷ ಜನರಿದ್ದರು. ಇಂಗ್ಲಿಷ್ ಬಿಟ್ಟರೆ ಮನೆಗಳಲ್ಲಿ ಅತಿ ಹೆಚ್ಚು ಆಡುವ ಭಾಷೆ ಪಂಜಾಬಿ. ಬರ್ಮಾದಿಂದ ನಿರಾಶ್ರಿತರಾಗಿ ಬಂದ ಕರೆನ್ ಜನರ ದೊಡ್ಡ ಸಮುದಾಯ ವೆರಿಬಿಯಲ್ಲಿದೆ. ಇವರೆಲ್ಲರಿಗಿಂತ ಬಹಳ ಮೊದಲಿನಿಂದ ಇದು ಬುನುರಾಂಗ್, ವಾಡವುರಂಗ್ ಮತ್ತು ವುರುಂಡ್ಜೆರಿ ಜನರ ನೆಲ.

ಹೊಸಬರು ಎಡವುವುದು ಯಾವ ಕೆಲಸಕ್ಕೆ ಯಾರ ಹತ್ತಿರ ಹೋಗಬೇಕು ಎಂಬಲ್ಲಿ. ವೀಸಾ, ಮೆಡಿಕೇರ್ ಕೇಂದ್ರ ಸರ್ಕಾರದ್ದು. ಸರ್ಕಾರಿ ಶಾಲೆ, ಪೊಲೀಸ್, ರೈಲು, ಡ್ರೈವಿಂಗ್ ಲೈಸೆನ್ಸ್ ವಿಕ್ಟೋರಿಯಾ ರಾಜ್ಯದ್ದು. ಟಾರ್ನೀಟ್ ರೈಲು ತುಂಬಿ ತುಳುಕುತ್ತದೆ ಎಂದು ಕೌನ್ಸಿಲ್ ಕಚೇರಿಯಲ್ಲಿ ಜಗಳ ತೆಗೆದು ಪ್ರಯೋಜನವಿಲ್ಲ. 2015ರಲ್ಲಿ ತೆರೆದ ಆ ನಿಲ್ದಾಣದಲ್ಲಿ ನಿಲ್ಲುವುದು ಜೀಲಾಂಗ್ ಕಡೆಯ ವಿ-ಲೈನ್ ಡೀಸೆಲ್ ಗಾಡಿ. ಉಪನಗರದ ವಿದ್ಯುತ್ ರೈಲು ಬೇಕಾದವರು ವೆರಿಬಿ, ಹಾಪರ್ಸ್ ಕ್ರಾಸಿಂಗ್ ಅಥವಾ ವಿಲಿಯಮ್ಸ್ ಲ್ಯಾಂಡಿಂಗ್ ಹತ್ತಿರ ಮನೆ ನೋಡುವುದು ಒಳ್ಳೆಯದು.

ಪುಟ್ಟ ಮಕ್ಕಳಿರುವ ಮನೆಗೆ ಮಾತ್ರ ಕೌನ್ಸಿಲ್ಲೇ ಮೊದಲ ಬಾಗಿಲು. ತಾಯಿ-ಮಗುವಿನ ಆರೋಗ್ಯ ನೋಡುವ ನರ್ಸ್‌ಗಳ ಸೇವೆ ಅದರದ್ದೇ, ಅದೂ ಉಚಿತ. ಹುಟ್ಟಿದ ಮಗುವಿನಿಂದ ಹಿಡಿದು ಮೂರೂವರೆ ವರ್ಷದ ತನಕ ನಿಗದಿತ ವಯಸ್ಸುಗಳಲ್ಲಿ ತೂಕ, ಎತ್ತರ, ಮಾತು, ನಡಿಗೆ ನೋಡುತ್ತಾರೆ. ನಿದ್ದೆ ಬಾರದ ಬಾಣಂತಿಯ ಮಾತನ್ನೂ ಕೂತು ಕೇಳುತ್ತಾರೆ. ಅಮ್ಮ, ಅತ್ತೆ ಸಾವಿರಾರು ಮೈಲಿ ದೂರದಲ್ಲಿರುವಾಗ ಇದು ಸಣ್ಣ ವಿಷಯವಲ್ಲ.

ಊರಿನಿಂದ ಹೊರಡುವಾಗ ಮಸಾಲೆ ಪುಡಿಗೆ ತೂಕ ನೋಡುವವರು ತಾಯಿ ಕಾರ್ಡನ್ನೋ ಲಸಿಕೆ ಪುಸ್ತಕವನ್ನೋ ಮರೆಯಬಾರದು. ವಿಕ್ಟೋರಿಯಾದಲ್ಲಿ ಚೈಲ್ಡ್ ಕೇರ್‌ಗೋ, ಕಿಂಡರ್ ಎಂದು ಕರೆಯುವ ಶಿಶುವಿಹಾರಕ್ಕೋ ಸೇರಿಸಲು ಮಗುವಿನ ಲಸಿಕೆಗಳ ವಿವರ ದೇಶದ ಲಸಿಕೆ ದಾಖಲಾತಿಯಲ್ಲಿ ಇರಬೇಕು. ಭಾರತದಲ್ಲಿ ಹಾಕಿಸಿದ ಲಸಿಕೆಗಳು ತಾವಾಗಿಯೇ ಅಲ್ಲಿ ಸೇರುವುದಿಲ್ಲ. ಡಾಕ್ಟರರೋ ಲಸಿಕೆ ಕೇಂದ್ರದ ನರ್ಸೋ ದಿನಾಂಕಗಳನ್ನು ನೋಡಿ ದಾಖಲಿಸಬೇಕು, ಬಾಕಿ ಉಳಿದದ್ದನ್ನು ಹಾಕಬೇಕು. ಮೂರು ಮತ್ತು ನಾಲ್ಕು ವರ್ಷದವರಿಗೆ ರಾಜ್ಯ ಸರ್ಕಾರ 2023ರಿಂದ ಕಿಂಡರ್ ಶುಲ್ಕ ಭರಿಸುತ್ತಿದೆ. ಕೌನ್ಸಿಲ್ ಮೂಲಕ ಹೆಸರು ನೋಂದಾಯಿಸಬೇಕಾದ ಕೇಂದ್ರಗಳೂ ಇರುವುದರಿಂದ, ಮನೆ ಖಾಯಂ ಆಗಲಿ ಎಂದು ಕಾಯದೆ ಮೊದಲೇ ವಿಚಾರಿಸಿಡಬೇಕು.

ಕೌನ್ಸಿಲ್ ನಡೆಸುವ ಲೈಬ್ರರಿಯ ಸದಸ್ಯತ್ವಕ್ಕೂ ದುಡ್ಡಿಲ್ಲ.

ಹೀಗೆ ನೆಲೆಯೂರಿದ ಮೇಲೂ ತಾವಿರುವುದು ಕರಾವಳಿಯ ಊರು ಎಂದು ಅನೇಕರಿಗೆ ಅನಿಸುವುದೇ ಇಲ್ಲ, ಅಷ್ಟೊಂದು ಒತ್ತಾಗಿ ಹೊಸ ಬಡಾವಣೆಗಳು ಎದ್ದಿವೆ. ಪೋರ್ಟ್ ಫಿಲಿಪ್ ಕೊಲ್ಲಿಯ ದಡದ ವೆರಿಬಿ ಸೌತ್‌ಗೆ ಒಮ್ಮೆ ಹೋಗಬೇಕು. ಹೂಕೋಸು, ಬ್ರೊಕೊಲಿ, ಲೆಟಸ್ ಸಾಲುಗಳು ಸಮುದ್ರದ ಬದಿಯವರೆಗೂ ಹಬ್ಬಿವೆ. ಇಟಲಿಯಿಂದ ಬಂದ ಕುಟುಂಬಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಬೇಸಾಯ ಇದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಹೊಲಗಳನ್ನು ಉಳಿಸಿದ್ದು ಪಕ್ಕದ ವೆಸ್ಟರ್ನ್ ಟ್ರೀಟ್‌ಮೆಂಟ್ ಪ್ಲಾಂಟ್ ಶುದ್ಧೀಕರಿಸಿ ಕೊಟ್ಟ ನೀರು. 1897ರಿಂದ ನಡೆಯುತ್ತಿರುವ, ಮೆಲ್ಬೋರ್ನಿನ ಸುಮಾರು ಅರ್ಧದಷ್ಟು ಕೊಳಚೆ ನೀರನ್ನು ಸಂಭಾಳಿಸುವ ಜಾಗ ಅದು. ಮೂಗು ಮುಚ್ಚಿಕೊಳ್ಳುವವರಿಗೆ ಇನ್ನೊಂದು ಸುದ್ದಿ: ಅದರ ಕೆರೆಗಳು ಅಂತರರಾಷ್ಟ್ರೀಯ ಮಾನ್ಯತೆಯ ರಾಮ್ಸಾರ್ ಜೌಗುಪ್ರದೇಶ. ಮೂವತ್ತು ಗ್ರಾಂ ಆಸುಪಾಸು ತೂಗುವ ಪುಟ್ಟ ಉಲ್ಲಂಕಿ ಹಕ್ಕಿಗಳು ಸೈಬೀರಿಯಾದಿಂದ ಹಾರಿ ಬೇಸಿಗೆಗೆ ಇಲ್ಲಿಗೆ ಬರುತ್ತವೆ. ಒಳಗೆ ಹೋಗಿ ನೋಡಲು ಮುಂಚಿತವಾಗಿ ಪರವಾನಗಿ ಬೇಕು. ಮಕ್ಕಳಿಗೆ ಹಕ್ಕಿಗಿಂತ ವಿಮಾನ ಇಷ್ಟವಾದರೆ ಪಾಯಿಂಟ್ ಕುಕ್‌ನಲ್ಲಿ ವಾಯುಪಡೆಯ ಮ್ಯೂಸಿಯಂ ಇದೆ. ಆಸ್ಟ್ರೇಲಿಯಾದ ಮಿಲಿಟರಿ ವೈಮಾನಿಕರ ತರಬೇತಿ 1914ರಲ್ಲಿ ಶುರುವಾದದ್ದು ಆ ಬಯಲಿನಲ್ಲೇ.

ಕೊನೆಗೆ, ಸ್ವಂತ ಮನೆ ಕೊಂಡವರ ಗಮನಕ್ಕೆ. ವರ್ಷವರ್ಷ ಕೌನ್ಸಿಲ್‌ಗೆ ರೇಟ್ಸ್ ಎಂಬ ಆಸ್ತಿ ತೆರಿಗೆ ಕಟ್ಟುತ್ತಿರುವವರು ಇನ್ನೂ ಆಸ್ಟ್ರೇಲಿಯಾದ ಪ್ರಜೆಯಾಗದಿದ್ದರೂ ಕೌನ್ಸಿಲ್ ಚುನಾವಣೆಯ ಮತದಾರರ ಪಟ್ಟಿಗೆ ಅರ್ಜಿ ಹಾಕಬಹುದು. ಅದು ತಾನಾಗಿ ಆಗುವುದಿಲ್ಲ, ಕೇಳಿ ಹೆಸರು ಸೇರಿಸಿಕೊಳ್ಳಬೇಕು. ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ಮುಂದಿನದು 2028ರ ಅಕ್ಟೋಬರ್‌ನಲ್ಲಿ.