ಕಣ ಆರಿಸುವ ಲೆಕ್ಕ

ವಾಣಿಜ್ಯ ವಿಭಾಗದವಳಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ವಿಷಯ ಯಾಕೆ ಎಂದು ಸೈನ್ಸ್ ಗೆಳತಿಯರು ಕೇಳಬಹುದು. ಅದರ ಚಿತ್ರಗಳಿಂದ ಕಣಗಳನ್ನು ಬೇರ್ಪಡಿಸುವ ಕೆಲಸದಲ್ಲಿ ನಾವು ಕಲಿಯುವ ಸಂಖ್ಯಾಶಾಸ್ತ್ರವೇ ಇದೆ.

ಮೊದಲು ಪ್ರೋಟೀನ್ ದ್ರಾವಣದ ತೆಳು ಪದರವನ್ನು ಕ್ಷಣದಲ್ಲಿ ಹೆಪ್ಪುಗಟ್ಟಿಸಿ ಚಿತ್ರ ತೆಗೆಯುತ್ತಾರೆ. ಈ ಕ್ರಯೋ ವಿಧಾನಕ್ಕಾಗಿ ಡುಬೊಶೆ, ಫ್ರಾಂಕ್ ಮತ್ತು ಹೆಂಡರ್ಸನ್ ಅವರಿಗೆ 2017ರ ರಸಾಯನಶಾಸ್ತ್ರದ ನೊಬೆಲ್ ಬಂತು. ಹೆಚ್ಚು ಎಲೆಕ್ಟ್ರಾನ್ ಹಾಯಿಸಿದರೆ ಪ್ರೋಟೀನ್ ಹಾಳಾಗುತ್ತದೆ. ಕಡಿಮೆ ಹಾಯಿಸಿದರೆ ಚಿತ್ರದ ತುಂಬ ಮರಳು ಚೆಲ್ಲಿದಂತೆ ಕಾಣುತ್ತದೆ. ಈ ಚಿತ್ರವೇ ಮೈಕ್ರೋಗ್ರಾಫ್.

ಮುಂದಿನ ಕೆಲಸ ಮೂರು ಹಂತದ್ದು.

1. ಆರಿಸುವುದು: ಪ್ರತಿ ಕಣದ ನಡುಬಿಂದು ಎಲ್ಲಿದೆ ಎಂದು ಗುರುತಿಸುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ಇದು 'ಚುನ್‌ನಾ'. ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕೂ ಅದೇ ಮಾತು.

2. ಕತ್ತರಿಸುವುದು: ಆ ಬಿಂದುವಿನ ಸುತ್ತ ಚೌಕ ಹಾಕಿ ಕಣವನ್ನು ಬೇರೆ ತೆಗೆಯುತ್ತಾರೆ. ಚೌಕ ಸಾಮಾನ್ಯವಾಗಿ ಕಣದ ಒಂದೂವರೆಯಿಂದ ಎರಡು ಪಟ್ಟು ಅಗಲ ಇರುತ್ತದೆ. ಕಣದ ಮಾಹಿತಿ ಸ್ವಲ್ಪ ಹೊರಕ್ಕೂ ಹರಡಿರುವುದರಿಂದ ಬಿಗಿಯಾಗಿ ಕತ್ತರಿಸಬಾರದು. 256 ಪಿಕ್ಸೆಲ್ ಅಗಲದ ಚೌಕವನ್ನು 64ಕ್ಕೆ ಇಳಿಸಿದರೆ ಒಟ್ಟು ಪಿಕ್ಸೆಲ್ 16 ಪಟ್ಟು ಕಡಿಮೆಯಾಗಿ, ಮೊದಲ ಸುತ್ತಿನ ವಿಂಗಡಣೆ ಬೇಗ ಮುಗಿಯುತ್ತದೆ.

3. ಸಮ ಮಾಡುವುದು: ಪ್ರತಿ ಚೌಕದ ಹಿನ್ನೆಲೆಯ ಸರಾಸರಿ 0, ಮಾನಕ ವಿಚಲನೆ 1 ಆಗುವಂತೆ ಹೊಂದಿಸುತ್ತಾರೆ. ಆಗ ಚೌಕಗಳನ್ನು ಒಂದೇ ಅಳತೆಯಲ್ಲಿ ಹೋಲಿಸಬಹುದು.

ಆಮೇಲೆ ಒಂದೇ ರೀತಿ ಕಾಣುವ ಕಣಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯುತ್ತಾರೆ. 100 ಚಿತ್ರಗಳ ಸರಾಸರಿಯಲ್ಲಿ ಗದ್ದಲ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಆದರೆ ಇಲ್ಲೊಂದು ಅಪಾಯವಿದೆ. 2013ರಲ್ಲಿ ಹೆಂಡರ್ಸನ್ ಅದನ್ನು ಎಲ್ಲರಿಗೂ ನೆನಪಿಸಿದರು. ಬರೀ ಗದ್ದಲದ 1000 ಚಿತ್ರಗಳನ್ನು ಐನ್‌ಸ್ಟೈನ್ ಫೋಟೋಗೆ ಹೊಂದಿಸಿ ಸರಾಸರಿ ತೆಗೆದರೆ ಐನ್‌ಸ್ಟೈನ್ ಮುಖವೇ ಮೂಡುತ್ತದೆ! ಅಲ್ಲಿ ಕಣವೇ ಇರಲಿಲ್ಲ. ಅಚ್ಚು ಹಿಡಿದು ಹುಡುಕಿದರೆ ಅಚ್ಚೇ ಸಿಗುತ್ತದೆ. ಅದಕ್ಕಾಗಿ ಚಿತ್ರಗಳನ್ನು ಎರಡು ಪಾಲು ಮಾಡಿ, ಬೇರೆ ಬೇರೆಯಾಗಿ ಲೆಕ್ಕ ಮಾಡಿ, ಕೊನೆಗೆ ತಾಳೆ ನೋಡುತ್ತಾರೆ. ಅಚ್ಚಿಲ್ಲದೆ ವಿಂಗಡಿಸಿದಾಗಲೂ ಅದೇ ಆಕಾರ ಬರುತ್ತದೆಯೇ ಎಂದೂ ಪರೀಕ್ಷಿಸುತ್ತಾರೆ.

ಗೆಳೆಯರೇ, ನಾಳೆ ನಮ್ಮಲ್ಲಿ ಕೆಲವರು ಲೆಕ್ಕಪರಿಶೋಧಕರಾಗಬಹುದು. ಈ ಕಂಪನಿ ಲಾಭದಲ್ಲಿದೆ ಎಂದು ಮೊದಲೇ ನಂಬಿ ವೋಚರ್ ಆರಿಸಿದರೆ ಲಾಭ ತೋರಿಸುವ ವೋಚರುಗಳೇ ಕೈಗೆ ಬರುತ್ತವೆ. ಕೂಡಿಸಿದ ಲೆಕ್ಕ ಸರಿಯಿದ್ದರೆ ಸಾಲದು, ಆರಿಸಿದ್ದು ಹೇಗೆ ಎಂದೂ ಕೇಳಬೇಕು.