ಅಡುಗೆಮನೆಯ ಲೆಕ್ಕ ಗೋಡೆಯಿಂದ ಶುರು

ಮಾಡ್ಯುಲರ್ ಕಿಚನ್ ಅಂಗಡಿಯವರು ಬರೆದುಕೊಡುವ ಅಂದಾಜುಪಟ್ಟಿಯಲ್ಲಿ ಗೋಡೆ ಅನ್ನುವ ಬಾಬ್ತೇ ಇರುವುದಿಲ್ಲ. ಕಪಾಟಿಗೆ ಚದರಡಿಗೆ ಇಷ್ಟು, ತಟ್ಟೆ ಲೋಟದ ಬುಟ್ಟಿಗೆ ಇಷ್ಟು, ಚಿಮಣಿಗೆ ಇಷ್ಟು, ಎಲ್ಲದರ ಮೇಲೆ ಶೇ 18 ಜಿಎಸ್‌ಟಿ. ಹೊಸ ಅಪಾರ್ಟ್‌ಮೆಂಟಿಗೆ ಈ ಪಟ್ಟಿ ಸಾಕು. ಅಲ್ಲಿ ಗೋಡೆ ನೆಟ್ಟಗಿರುತ್ತದೆ, ಪೈಪು ವೈರು ಎಲ್ಲ ಹೊಸದು. ಅರವತ್ತು ಎಪ್ಪತ್ತು ವರ್ಷದ ಇಟ್ಟಿಗೆ ಮನೆಗೆ ಇದೇ ಪಟ್ಟಿ ಹಿಡಿದು ಹೊರಟರೆ ಹಣ ತಪ್ಪು ತುದಿಯಿಂದ ಕರಗತೊಡಗುತ್ತದೆ. ಮೈಸೂರಿನ ನಮ್ಮ ಮನೆಯ ಅಡುಗೆಮನೆ ಸರಿಮಾಡಿಸಿದ ಮೇಲೆ ನೆಂಟರು, ಅಕ್ಕಪಕ್ಕದವರು ಎಲ್ಲರೂ ಕೇಳುವುದು ಒಂದೇ, "ಒಟ್ಟು ಎಷ್ಟಾಯ್ತು?" ಸುಮಾರು ನಾಲ್ಕೂವರೆ ಲಕ್ಷ ಆಯಿತು. ಆದರೆ ಅದರಲ್ಲಿ ಹತ್ತಿರ ಹತ್ತಿರ ಎರಡು ಲಕ್ಷ ಯಾರ ಕಣ್ಣಿಗೂ ಬೀಳದ ಕೆಲಸಕ್ಕೆ ಹೋಯಿತು, ಅದೂ ಮೊದಲೇ ಹೋಯಿತು. ಈ ತಿಂಗಳ ಅಂಕಣ ಆ ಎರಡು ಲಕ್ಷದ ಬಗ್ಗೆ.

ಊರಿನ ಬಡಾವಣೆಗಳನ್ನು ಯೋಜನೆ ಹಾಕಿ ಕಟ್ಟಲಿಕ್ಕೆಂದೇ ಮೈಸೂರಿನಲ್ಲಿ 1903ರಷ್ಟು ಹಿಂದೆಯೇ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿತು. ಚಾಮರಾಜಪುರಂ, ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂ, ಒಂಟಿಕೊಪ್ಪಲಿನ ಬೀದಿಗಳಲ್ಲಿ ಇಂದಿಗೂ ಉಳಿದಿರುವ ಹಳೇ ಮನೆಗಳನ್ನು ನೋಡಿ. ಒಂಬತ್ತಂಗುಲದ್ದೋ ಅದಕ್ಕಿಂತ ದಪ್ಪದ್ದೋ ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಮೇಲೆ ಮಂಗಳೂರು ಹಂಚು, ಇಲ್ಲವೇ ತೊಲೆಗಳ ಮೇಲೆ ಸಣ್ಣ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿ. ಅಡುಗೆಮನೆ ಹಿಂದುಗಡೆ, ಹಿತ್ತಿಲಿಗೆ ಅಂಟಿಕೊಂಡು. ಸೌದೆ ಒಲೆಗೆಂದು ಕಟ್ಟಿದ ಕೋಣೆ ಅದು: ಹೊಗೆ ಹೋಗಲು ಮಾಡಿನಲ್ಲಿ ಗವಾಕ್ಷಿ, ಡಬ್ಬಿ ಇಡಲು ಗೋಡೆಯಲ್ಲೇ ಗೂಡು, ಮೇಲೆ ಸುತ್ತಲೂ ನಾಗಂದಿಗೆ. ಗ್ಯಾಸ್ ಬಂದಾಗ ಒಂದು ಮೂಲೆಯಲ್ಲಿ ಕಡಪ ಕಲ್ಲಿನ ಕಟ್ಟೆ ಎದ್ದಿತು. ಫ್ರಿಜ್ಜು, ಮಿಕ್ಸಿ, ಗ್ರೈಂಡರ್ ಬಂದಾಗ ಒಂದೊಂದು ಪ್ಲಗ್ಗು ಸೇರಿತು. ಹೀಗೆ ಆಗಾಗ ಸೇರಿಸಿದ್ದನ್ನೆಲ್ಲ ಹೊತ್ತುಕೊಂಡೇ ನಮ್ಮ ಅಡುಗೆಮನೆಯೂ ಇಲ್ಲಿಯವರೆಗೆ ಬಂದಿತ್ತು.

ಮೊದಲ ಖರ್ಚು ತೇವಕ್ಕೆ. ಹಿತ್ತಿಲ ಕಡೆಯ ಗೋಡೆಯಲ್ಲಿ ನೆಲದಿಂದ ಮೂರಡಿಯವರೆಗೆ ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿತ್ತು. ಕೈಯಾಡಿಸಿದರೆ ಬಿಳಿ ಉಪ್ಪಿನ ಪುಡಿ ಉದುರುತ್ತಿತ್ತು. ಆಗಿನ ಎಷ್ಟೋ ಮನೆಗಳ ತಳಪಾಯದ ಮೇಲೆ ತೇವ ತಡೆಯುವ ಪದರ ಇರುವುದಿಲ್ಲ. ಇಟ್ಟಿಗೆ ನೆಲದ ನೀರನ್ನು ಮೇಲಕ್ಕೆ ಹೀರುತ್ತದೆ, ಸುಣ್ಣದ ಗಾರೆ ಅದನ್ನು ನಿಧಾನವಾಗಿ ಹೊರಕ್ಕೆ ಬಿಡುತ್ತದೆ. ಯಾವಾಗಲೋ ಆ ಸುಣ್ಣದ ಮೇಲೆ ಸಿಮೆಂಟ್ ಬಳಿದರೆ ನೀರಿಗೆ ಹೊರಬರುವ ದಾರಿ ಮುಚ್ಚಿಹೋಗಿ ಅದು ಇನ್ನೂ ಮೇಲಕ್ಕೆ ಏರುತ್ತದೆ. ನಮ್ಮಲ್ಲಿ ಆದದ್ದು ಅದೇ. ವಾಟರ್‌ಪ್ರೂಫಿಂಗ್ ಮಾಡುವವರೊಬ್ಬರು ಬಂದು ನೋಡಿ, ಒಳಗಡೆಯಿಂದ ರಾಸಾಯನಿಕ ಬಳಿಯಲು ಅರವತ್ತು ಸಾವಿರ ಹೇಳಿದರು.

ನಮ್ಮ ಮೇಸ್ತ್ರಿ ಆ ಮಾತಿಗೆ ಹೋಗಲೇ ಇಲ್ಲ. ಕರಣೆಯ ಹಿಡಿಯಿಂದ ಗೋಡೆಯನ್ನು ಉದ್ದಕ್ಕೂ ತಟ್ಟುತ್ತ ಹೋದರು. ಟೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಗೆರೆಗಳೆಲ್ಲ ಒಂದೇ ಕಡೆಗೆ ವಾಲಿದ್ದವು. "ನೀರು ಒಳಗಿಂದ ಬರ್ತಿಲ್ಲ ಅಮ್ಮ, ಆಚೆ ಬಟ್ಟೆ ಒಗೆಯೋ ಕಲ್ಲಿನ ಕೆಳಗಿಂದ ಬರ್ತಾ ಅದೆ" ಅಂದರು. ಅಗೆಸಿದೆವು. ಹಳೇ ಕಾಲದ ಮಣ್ಣಿನ ಕೊಳವೆ ಒಡೆದು, ಒಗೆದ ನೀರಷ್ಟೂ ಗೋಡೆಯ ಬುಡಕ್ಕೆ ಇಳಿಯುತ್ತಿತ್ತು. ಹೊಸ ಪೈಪು, ಒಂದು ಸಣ್ಣ ಚೇಂಬರು, ನೀರು ಆಚೆಗೆ ಹರಿಯುವಂತೆ ಇಳಿಜಾರು ನೆಲ, ಎಲ್ಲ ಸೇರಿ ಹದಿನೆಂಟು ಸಾವಿರದೊಳಗೆ ಮುಗಿಯಿತು. ಆಮೇಲೆ ಸಿಮೆಂಟ್ ಪದರ ಕೆತ್ತಿ ತೆಗೆಸಿ, ಇಟ್ಟಿಗೆ ಒಣಗಲು ಬಿಟ್ಟು, ಮತ್ತೆ ಸುಣ್ಣದ ಗಾರೆಯನ್ನೇ ಹಾಕಿಸಿದೆವು. ಸುಣ್ಣದ ಕೆಲಸ ಬಲ್ಲವರು ಈಗ ಕಡಿಮೆ, ಕೂಲಿ ಜಾಸ್ತಿ, ಕೆಲಸವೂ ನಿಧಾನ. ಆ ಖರ್ಚಿನ ಬಗ್ಗೆ ನನಗೆ ಎರಡನೇ ಮಾತಿಲ್ಲ.

ನಿಮ್ಮ ಮನೆಯಲ್ಲೂ ಗೋಡೆ ಒದ್ದೆ ಅನ್ನಿಸಿದರೆ ದುಡ್ಡಿಲ್ಲದೆ ಮಾಡಬಹುದಾದ ಪರೀಕ್ಷೆಯೊಂದಿದೆ. ಒಂದು ತುಂಡು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ, ಎರಡು ಮೂರು ದಿನ ಬಿಡಿ. ಹಾಳೆಯ ಗೋಡೆ ಬದಿಗೆ ಹನಿ ಕಟ್ಟಿದರೆ ತೇವ ಗೋಡೆಯದು. ನಮ್ಮ ಕಡೆಗೆ ಕಟ್ಟಿದರೆ ಅಡುಗೆಯ ಹಬೆ ಹೊರಗೆ ಹೋಗುತ್ತಿಲ್ಲ ಎಂದರ್ಥ. ಹಾಗಿದ್ದರೆ ಕಿಟಕಿಗೊಂದು ಎಕ್ಸಾಸ್ಟ್ ಫ್ಯಾನು ಹಾಕಿಸಿದರೆ ಮುಗಿಯಬಹುದು.

ಎರಡನೆಯದು ಪೈಪು, ಮೂರನೆಯದು ವೈರು. ಹಳೇ ಜಿಐ ಪೈಪಿನೊಳಗೆ ತುಕ್ಕು ಕಟ್ಟಿ ನಲ್ಲಿ ಸಣ್ಣಗೆ ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಗೋಡೆ ಕೆತ್ತಿದಾಗಲೇ ಬದಲಾಯಿಸಿದರೆ ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ. ವೈರಿನ ವಿಷಯ ಮಾತ್ರ ಸ್ವಲ್ಪ ನಿಂತು ಲೆಕ್ಕ ಹಾಕಬೇಕಾದ್ದು. ಎರಡು ಸಾವಿರ ವಾಟಿನ ಇಂಡಕ್ಷನ್ ಒಲೆ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ ಒಂಬತ್ತು ಆಂಪ್ ಎಳೆಯುತ್ತದೆ. ಅದೇ ಹೊತ್ತಿಗೆ ಮೈಕ್ರೋವೇವ್, ಪಕ್ಕದ ಬಚ್ಚಲಲ್ಲಿ ಗೀಸರ್. ಬಲ್ಬು, ಫ್ಯಾನು, ರೇಡಿಯೋ ನೆನೆಸಿಕೊಂಡು ಎಳೆದ ಐದು ಆಂಪಿನ ವೈರು ಇದನ್ನು ಹೊರಲಾರದು. ಅಡುಗೆಮನೆಗೆ ಪ್ರತ್ಯೇಕ ಲೈನು, ದೊಡ್ಡ ಉಪಕರಣಗಳಿಗೆ ಒಂದೊಂದಕ್ಕೂ ಬೇರೆ ಬೇರೆ 16 ಆಂಪಿನ ಪಾಯಿಂಟು, ಸರಿಯಾದ ಅರ್ಥಿಂಗ್, ಸೋರಿಕೆಯಾದರೆ ಕರೆಂಟು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ. ಇಷ್ಟಕ್ಕೆ ನಾವು ಒಂದು ರೂಪಾಯಿಯನ್ನೂ ಚೌಕಾಶಿ ಮಾಡಲಿಲ್ಲ. ಒದ್ದೆ ಕೈಯಲ್ಲಿ ಗ್ರೈಂಡರ್ ಮುಟ್ಟುವವರು ಇರುವ ಮನೆ. ಮಂಜೂರಾದ ಲೋಡು ಹೆಚ್ಚಿಸಲು ವಿದ್ಯುತ್ ಕಂಪನಿಗೆ ಅರ್ಜಿ ಹಾಕುವಾಗ ಒಂದು ನೆನಪಿರಲಿ. ಕಿಲೋವಾಟ್ ಲೆಕ್ಕದಲ್ಲಿ ತಿಂಗಳು ತಿಂಗಳು ಕಟ್ಟುವ ನಿಗದಿತ ಶುಲ್ಕವೂ ಅದರೊಂದಿಗೇ ಏರುತ್ತದೆ. ಬೇಕಾದಷ್ಟೇ ಕೇಳಿ.

ನಡುವೆ ಓಪನ್ ಕಿಚನ್ ಆಸೆಯೂ ಬಂದಿತ್ತು. ಮಕ್ಕಳಿಗೆ ಹಜಾರಕ್ಕೂ ಅಡುಗೆಮನೆಗೂ ನಡುವಿನ ಗೋಡೆ ತೆಗೆಯಬೇಕಿತ್ತು. ಇಂಥ ಮನೆಗಳಲ್ಲಿ ಕಂಬವಿಲ್ಲ, ಗೋಡೆಯೇ ಕಂಬ. ಆ ಗೋಡೆಯ ಮೇಲೇ ತಾರಸಿಯ ತೊಲೆಗಳು ಕೂತಿದ್ದವು. ತೆಗೆಯಬಹುದು, ಆಗದ ಕೆಲಸವೇನಲ್ಲ. ಆದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡಬೇಕು, ಆನಿಕೆ ಕೊಟ್ಟು ಉಕ್ಕಿನ ತೊಲೆ ಕೂರಿಸಬೇಕು. ಕೇಳಿದಾಗ ಬಂದ ಅಂದಾಜು ನಮ್ಮ ಇಡೀ ವೈರಿಂಗ್, ಪೈಪಿನ ಖರ್ಚನ್ನೂ ಮೀರಿತು. ಅಲ್ಲಿಗೆ ಆ ಮಾತು ಬಿಟ್ಟೆವು. ಒಗ್ಗರಣೆಯ ಘಾಟು ಹಜಾರಕ್ಕೆ ಬರದಿರುವುದೂ ಒಳ್ಳೆಯದೇ ಎಂದು ನನ್ನ ಅಭಿಪ್ರಾಯ.

ಇನ್ನು ಕಾಣುವ ಭಾಗ. ಅಂಗಡಿಯವರು ಕಪಾಟುಗಳಿಗೆ ಹೇಳಿದ್ದು ಐದೂವರೆ ಲಕ್ಷ, ತೆರಿಗೆ ಸೇರಿದರೆ ಆರು ಲಕ್ಷ ನಲವತ್ತೊಂಬತ್ತು ಸಾವಿರ. ಆ ದುಡ್ಡಿನಲ್ಲಿ ಬಹುಪಾಲು ಪ್ಲೈವುಡ್ ಪೆಟ್ಟಿಗೆಗೆ ಹೋಗುತ್ತದೆ. ಹಳೇ ಇಟ್ಟಿಗೆ ಗೋಡೆಗೆ ಅಂಟಿಸಿದ ಪೆಟ್ಟಿಗೆಗೆ ಹಿಂದಿನಿಂದ ತೇವ, ಕೆಳಗಿನಿಂದ ಗೆದ್ದಲು. ಐಎಸ್ 710 ಮುದ್ರೆಯ ಮರೈನ್ ಪ್ಲೈ ಹಾಕಿಸಿದರೂ ಬೆನ್ನಿಗೆ ಗಾಳಿಯಾಡದಿದ್ದರೆ ಬೂಸಲು ತಪ್ಪದು. ನಾವು ಕಟ್ಟೆಯ ಕೆಳಗೆ ಪೆಟ್ಟಿಗೆಯನ್ನೇ ಕೈಬಿಟ್ಟೆವು. ಹಳೇ ಕಟ್ಟೆಯ, ಗೂಡಿನ ಕಡಪ ಕಲ್ಲುಗಳನ್ನು ಜೋಪಾನವಾಗಿ ಬಿಚ್ಚಿಸಿ, ಪಾಲಿಶ್ ಮಾಡಿಸಿ, ಅವನ್ನೇ ನಿಲ್ಲಿಸಿ ಅಡ್ಡಹಾಕಿ ಖಾನೆ ಮಾಡಿಸಿದೆವು. ಮೇಲೆ ಗ್ರಾನೈಟ್, ಮುಂದೆ ಬಾಗಿಲು ಮಾತ್ರ ಹೊಸದು. ಕಡಪಕ್ಕೆ ಗೆದ್ದಲೂ ಹತ್ತದು, ಬೂಸಲಿನ ಹೆದರಿಕೆಯೂ ಇಲ್ಲ. ಕಲ್ಲು, ಗ್ರಾನೈಟ್, ಸಿಂಕು, ಕೂಲಿ ಎಲ್ಲ ಸೇರಿ ಒಂದು ಲಕ್ಷದ ಆಸುಪಾಸು. ಗವಾಕ್ಷಿಗೆ ಗಾಜು ಮತ್ತು ಜಾಲರಿ ಹಾಕಿಸಿದ್ದರಿಂದ ಹಗಲು ದೀಪ ಹಾಕುವುದು ತಪ್ಪಿತು. ನಾಗಂದಿಗೆ ಹಾಗೇ ಇದೆ. ಹಬ್ಬದ ಪಾತ್ರೆಗಳಿಗೆ ಅದಕ್ಕಿಂತ ಒಳ್ಳೆ ಜಾಗ ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ.

ಕಟ್ಟೆಯ ಎತ್ತರದ ಬಗ್ಗೆಯೂ ಹೇಳಬೇಕು, ಏಕೆಂದರೆ ಅದಕ್ಕೆ ಖರ್ಚೇ ಇಲ್ಲ. ಅಂಗಡಿಯವರ ಅಳತೆ ಮೂವತ್ತನಾಲ್ಕು ಅಂಗುಲ. ನಮ್ಮ ಅತ್ತೆ ಗಿಡ್ಡಗಿನವರು. ಅವರನ್ನು ನಿಲ್ಲಿಸಿ, ಮೊಣಕೈ ಮಡಿಸಿ ಹಿಡಿಯಲು ಹೇಳಿ, ಅಲ್ಲಿಂದ ನಾಲ್ಕೈದು ಅಂಗುಲ ಕೆಳಕ್ಕೆ ಮೇಸ್ತ್ರಿ ಗುರುತು ಹಾಕಿದರು. ಮೂವತ್ತೊಂದು ಬಂತು. ಒಲೆ ಇರುವ ಭಾಗವನ್ನು ಆ ಎತ್ತರಕ್ಕೇ ಕಟ್ಟಿಸಿದೆವು. ಎಪ್ಪತ್ತು ದಾಟಿದವರ ಭುಜದ ನೋವು ಕಡಿಮೆಯಾಗುವುದಕ್ಕೆ ಗ್ರಾನೈಟು ಕೂರುವ ಮೊದಲು ಅರ್ಧ ಗಂಟೆ ಕೊಟ್ಟರೆ ಸಾಕಾಗುತ್ತದೆ.

ಹಳೇ ಮನೆಗೆ ದುಡ್ಡು ಹಾಕುವ ಮೊದಲು ಕೇಳಿಕೊಳ್ಳಬೇಕಾದ ಕಠಿಣ ಪ್ರಶ್ನೆ ಇನ್ನೊಂದಿದೆ. ಮನೆ ಯಾರದು? ನಮ್ಮ ಮಾವನವರು ಉಯಿಲು ಬರೆದಿರಲಿಲ್ಲ. ಸ್ವಯಾರ್ಜಿತ ಮನೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅತ್ತೆಗೆ, ನನ್ನ ಯಜಮಾನರಿಗೆ, ನಾದಿನಿಗೆ ಮೂವರಿಗೂ ಸಮಪಾಲು. ಆ ಮನೆಯಲ್ಲಿ ವಾಸ ನಮ್ಮದು, ಹಣ ನಮ್ಮದು, ಹಕ್ಕು ಮೂವರದು. ಕೆಲಸ ಶುರುವಾಗುವ ಮೊದಲೇ ನಾದಿನಿಯನ್ನು ಊಟಕ್ಕೆ ಕರೆದು, ಏನೇನು ಮಾಡಿಸುತ್ತೇವೆ, ಸುಮಾರು ಎಷ್ಟಾಗುತ್ತದೆ, ನಾಳೆ ಮನೆ ಪಾಲಾದರೆ ಅಥವಾ ಮಾರಿದರೆ ಈ ಖರ್ಚನ್ನು ಹೇಗೆ ನೋಡುವುದು ಎಂದು ಮಾತಾಡಿದೆವು. "ಅತ್ತಿಗೆ, ಇದೆಲ್ಲ ಬರೆದಿಡೋದು ಬೇಕಾ?" ಎಂದಳು. ಬೇಕು ಅಂದೆ. ಒಂದು ಪುಟದ ಪತ್ರ, ಮೂವರ ಸಹಿ. ಬರೆದಿಟ್ಟಿದ್ದರಿಂದ ಅವಳಿಗೂ ನಮಗೂ ನಡುವೆ ಮಾತು ಹಗುರವಾಯಿತು. ಒಬ್ಬರು ಮನೆಗೆ ಹಾಕಿದ ಹಣವೇ ಅಣ್ಣತಮ್ಮಂದಿರು ಕೋರ್ಟು ಹತ್ತುವುದಕ್ಕೆ ಕಾರಣವಾದ ಮನೆಗಳನ್ನು ನಾನು ಕಂಡಿದ್ದೇನೆ. ದಯವಿಟ್ಟು ಈ ಹೆಜ್ಜೆ ತಪ್ಪಿಸಬೇಡಿ.

ಹಕ್ಕಿನ ವಿಷಯ ಸಾಲಕ್ಕೂ ತಗಲುತ್ತದೆ. ಮನೆ ಅಡವಿಟ್ಟು ನವೀಕರಣ ಸಾಲ ಪಡೆಯಬೇಕಾದರೆ ಬ್ಯಾಂಕು ಸಾಮಾನ್ಯವಾಗಿ ಎಲ್ಲ ಹಕ್ಕುದಾರರನ್ನೂ ಸಹಿಗೆ ಕರೆಯುತ್ತದೆ. ಆ ರಗಳೆ ಬೇಡವೆಂದು ಜನ ಪರ್ಸನಲ್ ಲೋನಿಗೆ ಹೋಗುತ್ತಾರೆ. ಐದು ಲಕ್ಷವನ್ನು ಐದು ವರ್ಷಕ್ಕೆ ಶೇ 9ರಲ್ಲಿ ತಂದರೆ ತಿಂಗಳ ಕಂತು ಸುಮಾರು 10,380 ರೂಪಾಯಿ. ಶೇ 14ರಲ್ಲಿ ತಂದರೆ ಸುಮಾರು 11,630. ತಿಂಗಳಿಗೆ ಸಾವಿರದಿನ್ನೂರ ಐವತ್ತು ದೊಡ್ಡದೆನಿಸದು, ಐದು ವರ್ಷಕ್ಕೆ ಅದು 75,000 ಆಗುತ್ತದೆ. ನಮ್ಮ ಇಡೀ ಚರಂಡಿ ಕೆಲಸದ ನಾಲ್ಕರಷ್ಟು. ನಾವು ಸಾಲವನ್ನೇ ತರಲಿಲ್ಲ, ಕೆಲಸವನ್ನು ಎರಡು ವರ್ಷಕ್ಕೆ ಹಂಚಿದೆವು. ಮೊದಲ ವರ್ಷ, ಅವಧಿ ಮುಗಿದ ಠೇವಣಿಯಲ್ಲಿ ಗೋಡೆ, ಪೈಪು, ವೈರು, ಕಟ್ಟೆ. ಬಾಗಿಲುಗಳು ಮರುವರ್ಷ. ಅಲ್ಲಿಯವರೆಗೆ ಖಾನೆಗಳ ಮುಂದೆ ಅತ್ತೆಯ ಹಳೇ ವಾಯಿಲ್ ಸೀರೆಯ ಪರದೆ. ಇಂಥ ಹಂಚಿಕೆ ಸಾಧ್ಯವಾಗುವುದು ಗೋಡೆಯಿಂದ ಶುರು ಮಾಡಿದರೆ ಮಾತ್ರ. ಕಪಾಟು ಮೊದಲು ಬಂದರೆ ಆಮೇಲೆ ಗೋಡೆ ಕೆತ್ತಲು ಅದನ್ನೇ ಕಳಚಬೇಕು.

ತೆರಿಗೆ ಉಳಿಯುತ್ತದೆಂದು ಸಾಲ ಮಾಡುವವರಿಗೆ ಒಂದು ಮಾತು. ಸ್ವಂತ ವಾಸದ ಮನೆಯ ದುರಸ್ತಿ, ನವೀಕರಣಕ್ಕೆ ತಂದ ಸಾಲದ ಬಡ್ಡಿಗೆ ಹಳೇ ತೆರಿಗೆ ಪದ್ಧತಿಯಲ್ಲಿ ಸಿಗುವ ಕಡಿತ ವರ್ಷಕ್ಕೆ 30,000 ರೂಪಾಯಿವರೆಗೆ ಮಾತ್ರ, ಅದೂ ಗೃಹಸಾಲದ ಬಡ್ಡಿಯ ಎರಡು ಲಕ್ಷದ ಮಿತಿಯೊಳಗೇ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ನಿಜವಾದ ತೆರಿಗೆ ಲಾಭ ಎಂದಾದರೂ ಮನೆ ಮಾರಿದಾಗ ಬರಬಹುದು. ಶಾಶ್ವತ ಸುಧಾರಣೆಯ ಖರ್ಚನ್ನು ಬಂಡವಾಳ ಲಾಭದ ಲೆಕ್ಕದಲ್ಲಿ ಕಳೆಯಬಹುದು. 2024ರ ಜುಲೈ 23ಕ್ಕಿಂತ ಮೊದಲು ಕೈಗೆ ಬಂದ ಮನೆಯಾದರೆ, ಇಲ್ಲಿನ ನಿವಾಸಿಗಳು ಹಣದುಬ್ಬರ ಹೊಂದಿಸಿ ಶೇ 20, ಹೊಂದಿಸದೆ ಶೇ 12.5, ಇವೆರಡರಲ್ಲಿ ಕಡಿಮೆ ಬರುವ ತೆರಿಗೆ ಕಟ್ಟಬಹುದು. ಬಣ್ಣ ಬಳಿದದ್ದು ಇದರಲ್ಲಿ ಸೇರುವುದು ಕಷ್ಟ. ಕಟ್ಟೆ, ವೈರಿಂಗ್, ಚರಂಡಿ ಸೇರಬಹುದು, ಬಿಲ್ಲು ಇದ್ದರೆ. ಮೇಸ್ತ್ರಿಯ ಹತ್ತಿರ ಬಿಲ್ ಪುಸ್ತಕ ಇರುವುದಿಲ್ಲ. ಹಾಗಾಗಿ ಶನಿವಾರದ ಬಟವಾಡೆಯನ್ನು ಯುಪಿಐಯಲ್ಲೇ ಕೊಟ್ಟು, ಒಂದು ನೋಟ್‌ಬುಕ್ಕಿನಲ್ಲಿ ಕೆಲಸದ ವಿವರ ಬರೆದು ಅವರ ಸಹಿ ಹಾಕಿಸಿಕೊಂಡೆ.

ಬಟವಾಡೆ ಅಂದಾಗ ಇದನ್ನೂ ಹೇಳಿಬಿಡುತ್ತೇನೆ. ಒಡೆಯುವ, ಕೆತ್ತುವ ಕೆಲಸವನ್ನು ದಿನಗೂಲಿಗೆ ಕೊಡಿ, ಕಟ್ಟುವ ಕೆಲಸವನ್ನು ಗುತ್ತಿಗೆಗೆ ಕೊಡಿ. ಗಾರೆಯ ಹಿಂದೆ ಏನಿದೆ ಎಂದು ಯಾರಿಗೂ ಮೊದಲೇ ತಿಳಿಯದು. ಗುತ್ತಿಗೆಯಲ್ಲಿದ್ದರೆ ಸಿಕ್ಕ ತೊಂದರೆಯನ್ನು ಮುಚ್ಚಿ ಮುಂದೆ ಹೋಗುವ ಒತ್ತಡ ಕೆಲಸದವರ ಮೇಲೆ ಬೀಳುತ್ತದೆ, ಅದು ಅವರ ತಪ್ಪೂ ಅಲ್ಲ. ಅಂದಾಜಿನ ಮೇಲೆ ನೂರಕ್ಕೆ ಇಪ್ಪತ್ತರಷ್ಟು ಕೈಯಲ್ಲಿ ಬೇರೆ ಇಟ್ಟುಕೊಳ್ಳಿ. ಹಳೇ ಮನೆಗೆ ಶೇ 10 ಸಾಲದು.

ಇದನ್ನು ಹೂಡಿಕೆ ಎಂದು ಮಾತ್ರ ಕರೆಯಬೇಡಿ. ಹಳೇ ಬಡಾವಣೆಗಳಲ್ಲಿ ಕೊಳ್ಳಲು ಬರುವವರು ಬೆಲೆ ಕಟ್ಟುವುದು ನಿವೇಶನಕ್ಕೆ. ನಿಮ್ಮ ಗ್ರಾನೈಟನ್ನು ಅವರು ಕಣ್ಣೆತ್ತಿಯೂ ನೋಡಲಿಕ್ಕಿಲ್ಲ. ನಾಲ್ಕೂವರೆ ಲಕ್ಷವನ್ನು ಹದಿನೈದು ವರ್ಷದ ಅಡುಗೆಗೆ ಹಂಚಿದರೆ ತಿಂಗಳಿಗೆ 2,500 ರೂಪಾಯಿ. ನಮ್ಮ ಮನೆಗೆ ಅಷ್ಟು ಕೊಡಬಹುದೇ ಎಂದು ಕೇಳಿಕೊಂಡೆವು, ಕೊಡಬಹುದು ಅನ್ನಿಸಿತು. ನಿಮ್ಮ ಉತ್ತರ ಬೇರೆಯಿದ್ದರೆ ಚರಂಡಿ ಮತ್ತು ವೈರು ಎರಡನ್ನೇ ಮಾಡಿಸಿ ನಿಲ್ಲಿಸಿ. ಕಟ್ಟೆ ಕಾಯುತ್ತದೆ, ಆ ಎರಡು ಕಾಯುವುದಿಲ್ಲ.

ಮಾಡಿಸುವುದಾದರೆ ದೀಪಾವಳಿ ಹೊತ್ತಿಗೆ ಲೆಕ್ಕ ಮುಗಿಸಿ ಸಂಕ್ರಾಂತಿ ಕಳೆದ ಮೇಲೆ ಗೋಡೆಗೆ ಕೈ ಹಾಕಿ. ಕೆತ್ತಿದ ಇಟ್ಟಿಗೆ ಒಣಗಲು ಫೆಬ್ರುವರಿ, ಮಾರ್ಚಿನ ಬಿಸಿಲು ಬೇಕು. ಸುಣ್ಣದ ಗಾರೆ ಗಟ್ಟಿಯಾಗಲೂ ಕಾಲ ಹಿಡಿಯುತ್ತದೆ, ಜೂನಿನ ಮಳೆಯೊಳಗೆ ಅದು ಮುಗಿದಿರಬೇಕು.