ಕೇಳುವುದೂ ಒಂದು ಸೇವೆ

ಮಕ್ಕಳೇ, ಆಕಾಶವಾಣಿಯಲ್ಲಿ ಒಬ್ಬರು ಹೇಳುತ್ತಾರೆ, ಸಾವಿರಾರು ಜನ ಕೇಳುತ್ತಾರೆ. ಜನಸಾಮಾನ್ಯರೇ ತಮ್ಮತಮ್ಮಲ್ಲಿ ಮಾತನಾಡುವ ರೇಡಿಯೋ ಕೂಡ ಉಂಟು. ಅಮೆರಿಕದಲ್ಲಿ ಅದನ್ನು ಸಿಟಿಜನ್ಸ್ ಬ್ಯಾಂಡ್ ಎನ್ನುತ್ತಾರೆ.

27 ಮೆಗಾಹರ್ಟ್ಸ್ ಸುತ್ತಮುತ್ತಲಿನ ಈ ಅಲೆಗಳನ್ನು ಅಲ್ಲಿ 1958ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ಮೊದಲಿದ್ದ 23 ಚಾನೆಲ್‌ಗಳು 1977ರಲ್ಲಿ 40 ಆದವು. ಶಕ್ತಿ 4 ವ್ಯಾಟ್ ಮಾತ್ರ. ಮಾತು ಸಾಮಾನ್ಯವಾಗಿ ಕೆಲವೇ ಮೈಲಿ ಮುಟ್ಟುತ್ತದೆ. 1973ರ ತೈಲದ ಅಭಾವದಲ್ಲಿ, ಎಣ್ಣೆ ಎಲ್ಲಿ ಸಿಕ್ಕುತ್ತದೆಂದು ಲಾರಿ ಚಾಲಕರು ಇದರಲ್ಲೇ ಪರಸ್ಪರ ತಿಳಿಸಿಕೊಂಡರು.

ಈ ಮಾತುಗಳನ್ನು ಕೇಳಲು ಸ್ಕ್ಯಾನರ್ ಎಂಬ ಯಂತ್ರವಿದೆ. ಅದು ಚಾನೆಲ್‌ನಿಂದ ಚಾನೆಲ್‌ಗೆ ಜಿಗಿಯುತ್ತ, ಮಾತು ಸಿಕ್ಕಲ್ಲಿ ನಿಲ್ಲುತ್ತದೆ. ಮಾತು ಮುಗಿದರೆ ಮುಂದೆ ಸಾಗುತ್ತದೆ. ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲುಭಾಗದಷ್ಟು, ಎಂದರೆ 2.75 ಮೀಟರ್ ಉದ್ದದ ಏರಿಯಲ್ ಇದ್ದರೆ ಗಿಡ್ಡ ಕಡ್ಡಿಗಿಂತ ಚೆನ್ನಾಗಿ ಕೇಳಿಸುತ್ತದೆ. ಸ್ಕ್ವೆಲ್ಚ್ ಎಂಬ ಗುಂಡಿಯನ್ನು ತಿರುಗಿಸಿದರೆ ಬರಿಯ ಗೊರಗೊರ ಸದ್ದು ನಿಲ್ಲುತ್ತದೆ. ಅತಿಯಾಗಿ ತಿರುಗಿಸಿದರೆ ದೂರದ ಕ್ಷೀಣ ಧ್ವನಿಯೂ ಅಡಗಿಹೋಗುತ್ತದೆ.

ಆ ಧ್ವನಿ ಆಪತ್ತಿನಲ್ಲಿರುವವನದೇ ಆಗಿರಬಹುದು. ಚಾನೆಲ್ 9 ಇಂಥ ಕರೆಗೇ ಮೀಸಲು. 1962ರಲ್ಲಿ ಹುಟ್ಟಿದ ರಿಯಾಕ್ಟ್ ಸಂಸ್ಥೆಯ ಸ್ವಯಂಸೇವಕರು, ಮೊಬೈಲ್ ಇಲ್ಲದ ಆ ಕಾಲದಲ್ಲಿ, ಕರೆಗಾಗಿ ಕಿವಿಗೊಟ್ಟು ಕೂತು ಅಪಘಾತದ ಸುದ್ದಿಯನ್ನು ಪೊಲೀಸರಿಗೆ ಮುಟ್ಟಿಸುತ್ತಿದ್ದರು. ಸ್ಕ್ಯಾನರ್‌ಗೆ ಕಿವಿಯುಂಟು, ಬಾಯಿಲ್ಲ. ಆದರೂ ಕೇಳಿದವನು ಎದ್ದು ಫೋನ್ ಮಾಡಿದರೆ ಒಂದು ಜೀವ ಉಳಿದೀತು.

ತರಗತಿಯಲ್ಲೂ ಮನೆಯಲ್ಲೂ ಮೆಲ್ಲನೆ ಮಾತನಾಡುವವರು ಇರುತ್ತಾರೆ. ನಮ್ಮ ಗುಂಡಿಯನ್ನು ನಾವು ಎಷ್ಟು ತಿರುಗಿಸಿಟ್ಟಿದ್ದೇವೆ? ಮಕ್ಕಳೂ ಹೆತ್ತವರೂ ಯೋಚಿಸಬೇಕು.